ಬೈಲಕುಪ್ಪೆಯ ಬೀಗ ಹಾಕಿದ ಮನೆಗಳು

ಮೈಸೂರಿನಿಂದ ಮಡಿಕೇರಿಗೆ ಸಾಗುವ ಹೆದ್ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿದ ಪಯಣಿಗನಿಗೆ, ಕಾವೇರಿ ಇನ್ನೂ ಕೆಲವೇ ಮೈಲಿ ದೂರವಿರುವಾಗ, ಸುತ್ತಲಿನ ನೋಟವೇ ಬದಲಾದಂತೆ ತೋರುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಐದು ಬಣ್ಣಗಳ ಪತಾಕೆಗಳು ಗಾಳಿಗೆ ಪಟಪಟಿಸುತ್ತವೆ. ಕಡುಗೆಂಪು ವಸ್ತ್ರ ತೊಟ್ಟ ಬಾಲಭಿಕ್ಷುಗಳು ಆಟೋರಿಕ್ಷಾದವನೊಡನೆ ಸರಾಗವಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಇದೇ ಬೈಲಕುಪ್ಪೆ; ಹಿಮದ ನಾಡಿನವರು ಕಾವೇರಿಯ ಬಯಲಿನಲ್ಲಿ ಕಟ್ಟಿಕೊಂಡ ಊರು.

ಪ್ರವಾಸಿಗಳು ಬರುವುದು ಸ್ವರ್ಣಮಂದಿರವನ್ನು ನೋಡಲು. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ವಿಹಾರದ ಈ ಮಂದಿರದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ಸರ ಭವ್ಯ ಪ್ರತಿಮೆಗಳುಂಟು. ಭಾವಚಿತ್ರ ತೆಗೆದು, ಬಿಸಿ ಮೊಮೊ ಸವಿದು, ಅವರು ಮಡಿಕೇರಿಯತ್ತ ಹೊರಟುಬಿಡುತ್ತಾರೆ. ಆದರೆ ಮಂದಿರದ ಹಿಂದಣ ಹಾದಿಗಳಲ್ಲಿ ತುಸು ದೂರ ನಡೆದವರಿಗೆ ಮತ್ತೊಂದು ನೋಟ ಕಾಣಸಿಗುತ್ತದೆ. ಅಂಗಳದಲ್ಲಿ ಹೂಗಿಡಗಳಿವೆ, ಕಿಟಕಿಗಳಿಗೆ ಹೊಸ ಬಣ್ಣವಿದೆ. ಬಾಗಿಲಿಗೆ ಮಾತ್ರ ಬೀಗ.

ಈ ಬೀಗದ ಅರ್ಥ ತಿಳಿಯಬೇಕಾದರೆ ಹಿಂದಿನ ಕಥೆಯನ್ನು ನೆನೆಯಬೇಕು. 1959ರ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಮಂದಿ ಗಡಿ ದಾಟಿದರು. ಅವರಲ್ಲಿ ಬಹುಮಂದಿಗೆ ಅಸ್ಸಾಮಿನ ಮಿಸ್ಸಾಮಾರಿಯೂ ಬಂಗಾಳದ ಬಕ್ಸಾ ಕೋಟೆಯೂ ಮೊದಲ ಆಸರೆಗಳಾದವು. ಆಮೇಲೆ ಹಿಮಾಲಯದ ತಪ್ಪಲಿನಲ್ಲಿ ರಸ್ತೆಗಾಗಿ ಕಲ್ಲೊಡೆಯುವ ಕೆಲಸ ದೊರೆಯಿತು. ರಸ್ತೆ ಮುಂದೆ ಸರಿದಂತೆ ಡೇರೆಯೂ ಸರಿಯುತ್ತಿತ್ತು. ಒಂದೆಡೆ ಬೇರೂರುವ ಭಾಗ್ಯ ಇರಲಿಲ್ಲ.

ನೆಲ ಒದಗಿಸಿರೆಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಮುಂದೆ ಬಂದಿತು. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಗುತ್ತಿಗೆಯಾಗಿ ದೊರೆಯಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಒಮ್ಮೆ ದೇಶ ಬಿಟ್ಟವರು ಹೀಗೆ ಎರಡನೆಯ ಸಲ, ಈ ದೇಶದ ಒಳಗೇ, ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದರು.

ಆರಂಭದ ದಿನಗಳು ಕಠಿಣವಾಗಿದ್ದವು. ಬಿದಿರಿನ ಗುಡಿಸಲು, ಅರಿಯದ ಸೆಕೆ, ಅರಿಯದ ಕಾಯಿಲೆ. ಕಾಡು ಕಡಿದು ಬೆಳೆ ತೆಗೆದರೆ ಇರುಳಲ್ಲಿ ಆನೆಗಳ ಹಾವಳಿ. ಯಾಕ್ ಮೇಯಿಸಿ ಬಾರ್ಲಿ ಬೆಳೆದು ಬಲ್ಲವರು ಇಲ್ಲಿ ಮುಂಗಾರನ್ನು ಕಾಯುವುದನ್ನು ಕಲಿತರು. ಆದರೂ ಅವರು ಈ ನೆಲವನ್ನು ಬಿಟ್ಟು ಹೋಗಲಿಲ್ಲ. ನೆಲದ ಜೊತೆಗೆ ನೆರೆಹೊರೆಯೂ ಒಟ್ಟಾಗಿ ದೊರೆತಿತ್ತು. ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳು ಬಂದವು. 1969ರಲ್ಲಿ ಎರಡನೆಯ ವಸತಿನೆಲೆ ಹುಟ್ಟಿತು. 1970ರ ಸುಮಾರಿಗೆ ಬಕ್ಸಾದಿಂದ ಬಂದ ಭಿಕ್ಷುಗಳು ಲ್ಹಾಸಾದ ಸೆರಾ ವಿಹಾರವನ್ನು ಇಲ್ಲಿ ಮತ್ತೆ ಕಟ್ಟಿದರು.

ಆದರೆ ಮನೆಮಂದಿ ಹೆಚ್ಚಿದಂತೆ ಎಕರೆಗಳು ಹೆಚ್ಚಲಿಲ್ಲ. ಮಳೆ ನಂಬಿದ ಜೋಳ ಮೂರನೆಯ ತಲೆಮಾರನ್ನು ಸಾಕಲಾರದು. ಚಳಿಗಾಲ ಬಂದರೆ ಹಲವು ಕುಟುಂಬಗಳು ಲೂಧಿಯಾನದ ಸ್ವೆಟರುಗಳನ್ನು ತಂದು ಊರೂರಿನ ಬೀದಿಗಳಲ್ಲಿ ಮಾರುತ್ತವೆ. ಓದಿದ ಮಕ್ಕಳು ಬೆಂಗಳೂರು, ದೆಹಲಿಗಳಲ್ಲಿ ಉದ್ಯೋಗ ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಸಮುದ್ರದಾಚೆಗೆ ನೋಡುತ್ತಾರೆ.

ಕಾಗದಪತ್ರಗಳ ತೊಡಕೂ ಉಂಟು. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂದು ಕರ್ನಾಟಕದ ಹೈಕೋರ್ಟು 2013ರಲ್ಲಿ ಹೇಳಿತು. ಆದರೆ 2017ರಲ್ಲಿ, ಭಾರತದ ಪಾಸ್‌ಪೋರ್ಟು ಬಯಸುವವರು ತಮ್ಮ ನೋಂದಣಿ ಪತ್ರವನ್ನು ಮರಳಿಸಬೇಕು, ವಸತಿನೆಲೆಯಲ್ಲಿ ವಾಸಿಸಬಾರದು ಎಂಬ ಷರತ್ತುಗಳನ್ನು ವಿಧಿಸಲಾಯಿತು. ಪ್ರಜೆಯಾಗಬೇಕಾದರೆ ಮನೆ ಬಿಡಬೇಕು; ಮನೆಯಲ್ಲಿರಬೇಕಾದರೆ ನಿರಾಶ್ರಿತನಾಗಿಯೇ ಉಳಿಯಬೇಕು. ಹುಟ್ಟಿದೂರಿನಲ್ಲಿಯೇ ಇಂಥ ಆಯ್ಕೆ ಎದುರಾದಾಗ ತರುಣರ ಮನಸ್ಸು ದೂರ ಹಾರಿದರೆ ಅಚ್ಚರಿಯೇನು?

ದೂರದ ನಾಡಿನಲ್ಲಿಯೂ ಹಳೆಯ ಕಥೆಯೇ ಮರುಕಳಿಸಿತು. 1990ರ ಕಾನೂನೊಂದರಂತೆ ಅಮೆರಿಕವು 1,000 ಟಿಬೆಟಿಯನ್ನರಿಗೆ ವೀಸಾ ಕೊಟ್ಟು, ಅವರನ್ನು ಹಲವು ರಾಜ್ಯಗಳಲ್ಲಿ ಹಂಚಿ ನೆಲೆಗೊಳಿಸಿತು. ಕಾಲಕ್ರಮದಲ್ಲಿ ಅನೇಕರು ತಾವಾಗಿಯೇ ಎದ್ದು, ತಮ್ಮವರಿರುವ ನ್ಯೂಯಾರ್ಕಿಗೂ ಮಿನಿಯಾಪೊಲಿಸಿಗೂ ಹೋಗಿ ಸೇರಿದರು. ಮೊದಲು ಇಳಿದ ಊರಿನಲ್ಲಿ ಕೆಲಸವಿರಬಹುದು, ಸೂರೂ ಇರಬಹುದು. ಆದರೆ ಹಬ್ಬದ ದಿನ ಬಾಗಿಲು ತಟ್ಟುವವರಿಲ್ಲದ ಊರಿನಲ್ಲಿ ಮನುಷ್ಯನು ಬಹುಕಾಲ ನಿಲ್ಲಲಾರನು.

2009ರ ಟಿಬೆಟಿಯನ್ ಜನಗಣತಿಯಲ್ಲಿ ಭಾರತದಲ್ಲಿದ್ದವರು 94,203. ಭಾರತ, ನೇಪಾಳ, ಭೂತಾನಗಳಾಚೆ ಇದ್ದವರು 18,920. ಅನಂತರವೂ ಹೊರಹರಿವು ನಿಲ್ಲಲಿಲ್ಲ. ಶಾಲೆಗಳಲ್ಲಿ ಮಕ್ಕಳು ವಿರಳರಾದರು. ವಿಹಾರಗಳಲ್ಲಿ ಲಡಾಖ್, ನೇಪಾಳ, ಭೂತಾನಗಳಿಂದ ಬಂದ ಬಾಲಕರು ಪಾಠ ಓದುತ್ತಾರೆ. ಹೊಲಗಳಲ್ಲಿ ಸುತ್ತಲಿನ ಹಳ್ಳಿಗಳ ಕೂಲಿಯವರು ದುಡಿಯುತ್ತಾರೆ.

ಸಂಜೆಯಾದಾಗ ವಿಹಾರದ ಸುತ್ತ ವೃದ್ಧರು ಜಪಮಣಿ ಎಣಿಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಕಾಡು ಕಡಿದು ಈ ಊರನ್ನು ಮಾಡಿದವರಲ್ಲಿ ಉಳಿದವರು ಇನ್ನು ಕೆಲವರೇ. ದೂರದ ಮಗನ ಮನೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿ ತೂಗುವುದು ಇಲ್ಲಿ ಅಪರೂಪವಲ್ಲ. ಲೋಸರ್ ಹಬ್ಬ ಸಮೀಪಿಸಿದಾಗ ಆ ಬಾಗಿಲು ತೆರೆಯುತ್ತದೆ, ನೆಲ ಗುಡಿಸಿ, ದೀಪ ಹಚ್ಚಲಾಗುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಂಗಳೂರಿನ ಮಕ್ಕಳಿಗಾಗಿ ಕಾಯುವ ತಾಯಂದಿರಿಗೆ ಈ ದೀಪದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.