ಜೋಳಪ್ಪನ ಮೊದಲ ತುತ್ತು

ಅಮೆರಿಕಕ್ಕೆ ಮಗಳ ಮನೆಗೆ ಹೋಗಿಬಂದ ನಮ್ಮಂಥವರ ಮೊಬೈಲಿನಲ್ಲಿ ನಯಾಗರದ ಫೋಟೋ ಇರಲೇಬೇಕು ಅನ್ನೋದು ಲೋಕಾರೂಢಿ. ನನ್ನ ಮೊಬೈಲಿನಲ್ಲಿ ಇರೋದು ಪೈನ್ ಮರಗಳ ಫೋಟೋ, ಮತ್ತೆ ಪೆನ್ಸಿಲ್‌ಗಿಂತ ತೆಳ್ಳಗಿರೋ ಒಂದು ಹಾವಿನ ಮರಿಯ ಫೋಟೋ.

ಮಗಳಿರುವುದು ನಾರ್ತ್ ಕೆರೊಲಿನಾ ರಾಜ್ಯದ ಕ್ಯಾರಿ ಎಂಬ ಊರಿನಲ್ಲಿ. ರಾಜಧಾನಿ ರಾಲಿಗೆ ಅಂಟಿಕೊಂಡೇ ಇದೆ. ನಮ್ಮವರು ಬೇಕಾದಷ್ಟು ಜನ ಇದ್ದಾರೆ, ವೆಂಕಟೇಶ್ವರನ ದೇವಸ್ಥಾನ ಇದೆ, ಕರಿಬೇವೂ ಸಿಗುತ್ತದೆ. ರಸ್ತೆಯ ಎರಡೂ ಕಡೆ ಮಾತ್ರ ನಮಗೆ ಪರಿಚಯವಿಲ್ಲದ ಪೈನ್ ಮರಗಳ ಗೋಡೆ. ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಹೋದಾಗ ಹನ್ನೊಂದು ವರ್ಷದ ಮೊಮ್ಮಗ ಬಾಗಿಲಲ್ಲೇ ಹೇಳಿದ: "ಅಜ್ಜೀ, ನಮ್ಮನೇಲಿ ಈಗ ಹಾವಿದೆ. ಹೆದರ್ಕೋಬೇಡ, ವಿಷ ಇಲ್ಲ. ಆದ್ರೆ ಅದು ಏನೂ ತಿಂತಾನೇ ಇಲ್ಲ."

ಹಾವಿನ ಜಾತಿ ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ರಾಜ್ಯಗಳ ಸ್ವಂತ ಹಾವು ಅದು. ಕಿತ್ತಳೆ ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆ. ಇಲಿ ಹಿಡಿಯೋದಕ್ಕೆ ಜೋಳದ ಕಣಜಗಳ ಹತ್ತಿರ ಸುಳಿದಾಡುತ್ತಿತ್ತು ಅಂತ ಆ ಹೆಸರು ಬಂತು ಅನ್ನುತ್ತಾರೆ ಕೆಲವರು. ಹೊಟ್ಟೆಯ ಮೇಲಿನ ಚೌಕುಳಿ ಜೋಳದ ಕಾಳಿನ ಹಾಗಿದೆ ಅಂತ ಅನ್ನುತ್ತಾರೆ ಇನ್ನು ಕೆಲವರು. ನಮ್ಮ ಕೇರೆ ಹಾವಿನ ದೂರದ ನೆಂಟ ಅಂದುಕೊಳ್ಳಿ. ನನ್ನ ಅಳಿಯ ಅದಕ್ಕೆ ಇಟ್ಟ ಹೆಸರು ಜೋಳಪ್ಪ.

ಪಕ್ಕದ ಬೀದಿಯ ಒಬ್ಬರ ಮನೆಯಲ್ಲಿ ಆಗಸ್ಟ್ ಕೊನೆಗೆ ಹದಿನಾಲ್ಕು ಮೊಟ್ಟೆ ಒಡೆದಿದ್ದವು. ಹುಟ್ಟಿದ ಒಂದು ವಾರ, ಹತ್ತು ದಿನಕ್ಕೆ ಮರಿಗಳು ಮೊದಲ ಪೊರೆ ಬಿಡುತ್ತವೆ. ಅಲ್ಲಿವರೆಗೆ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಭಂಡಾರವೇ ಆಹಾರ. ಪೊರೆ ಬಿಟ್ಟ ಮೇಲೆ ಮೊದಲ ಊಟ. ಹನ್ನೆರಡು ಮರಿ ತಿಂದವು, ಎರಡು ತಿನ್ನಲಿಲ್ಲ. ಆ ಎರಡರಲ್ಲಿ ಚಿಕ್ಕದನ್ನೇ ನಮ್ಮ ಹುಡುಗ ಕೇಳಿ ತಂದಿದ್ದ.

ಊಟ ಅಂದರೆ ಏನು ಅಂತ ಹೇಳಲೇಬೇಕು. ಆಗತಾನೇ ಹುಟ್ಟಿದ, ಕೂದಲೇ ಬಾರದ ಇಲಿಮರಿ. ಅದಕ್ಕೆ ಅವರು ಪಿಂಕಿ ಅಂತಾರೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿ ಪ್ಯಾಕೆಟ್‌ನಲ್ಲಿ ಮಾರುತ್ತಾರೆ. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ತಿಪಟೂರಿನಿಂದ ಹೋದ ನಾನು ಫ್ರೀಜರಿನಲ್ಲಿ ತೆಂಗಿನ ತುರಿಯ ಡಬ್ಬಿ ಇಡುವವಳು. ಅದರ ಪಕ್ಕ ಇಲಿಮರಿಯೇ? ಮಗಳು ಗ್ಯಾರೇಜಿನಲ್ಲಿ ಬೇರೆ ಚಿಕ್ಕ ಫ್ರೀಜರ್ ಇಟ್ಟಿದ್ದಳು. ಆದರೂ ಅವಳಿಗೆ ಆ ಪ್ಯಾಕೆಟ್ ಮುಟ್ಟಲು ಆಗುತ್ತಿರಲಿಲ್ಲ. ಅಳಿಯ ಕೆಲಸದ ಮೇಲೆ ವಾರಕ್ಕೆ ಮೂರು ದಿನ ಊರಲ್ಲಿರುತ್ತಿರಲಿಲ್ಲ. "ಅಮ್ಮಾ, ನಿನಗೆ ಆಗುತ್ತಾ?" ಅಂದಳು. ಆಗುತ್ತೆ ಅಂದೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವರು ನಾವು. ಹಾವು ಹಾಲು ಕುಡಿದು ಬದುಕುವ ಪ್ರಾಣಿ ಅಲ್ಲ, ಅದರ ಹೊಟ್ಟೆಗೆ ಹಾಲು ಒಗ್ಗುವುದೂ ಇಲ್ಲ. ಅದಕ್ಕೆ ದೇವರು ಬರೆದ ಆಹಾರ ಇದೇ ಅಂದಮೇಲೆ ಕೊಡುವ ಕೈ ಯಾರದ್ದಾದರೇನು?

ಪ್ಯಾಕೆಟ್ ಸಮೇತ ಬಿಸಿನೀರಿನ ಲೋಟದಲ್ಲಿ ಇಟ್ಟು ಹೆಪ್ಪು ಬಿಡಿಸಬೇಕು. ಮೈಕ್ರೋವೇವ್ ಕೂಡದು. ಮೈಬಿಸಿಯಷ್ಟು ಬೆಚ್ಚಗಾದ ಮೇಲೆ ಉದ್ದನೆಯ ಚಿಮುಟದಲ್ಲಿ ಹಿಡಿದು ಮುಂದೆ ತೋರಿಸಬೇಕು. ತೋರಿಸಿದೆವು. ಜೋಳಪ್ಪ ತಲೆ ತಿರುಗಿಸಿ ಹೊರಟುಹೋದ. ಐದು ದಿನ ಬಿಟ್ಟು ಮತ್ತೆ ತೋರಿಸಿದರೆ ಬಾಲ ನಡುಗಿಸಿ, ಎಸ್ ಆಕಾರಕ್ಕೆ ಕತ್ತು ಸೆಳೆದು ನಮ್ಮನ್ನೇ ಹೆದರಿಸಿದ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 6 ಗ್ರಾಂ ಇದ್ದದ್ದು 5 ಆಗಿತ್ತು. ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ಇದ್ದರೂ ತಡೆಯುತ್ತದೆ. ಇಷ್ಟು ಮರಿಗೆ ಅಷ್ಟು ಕಾಲಾವಕಾಶ ಇರಲ್ಲ. ಹುಡುಗ ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಾಕಿ ನೋಡುತ್ತಿದ್ದ, ಉಸಿರಾಡ್ತಿದೆಯಾ ಅಂತ.

ಅಕ್ಟೋಬರ್ ಮೊದಲ ವಾರ ಸರೀಸೃಪ ನೋಡುವ ಡಾಕ್ಟರಮ್ಮನ ಹತ್ತಿರ ಹೋದೆವು. ಬಾಯಿ, ಮೈ ಎಲ್ಲ ಪರೀಕ್ಷಿಸಿ ಕಾಯಿಲೆ ಏನೂ ಇಲ್ಲ ಅಂದರು. ಬಾಯಿ ತೆರೆಸಿ ತುರುಕುವುದು ಕಡೆಯ ದಾರಿ, ಅದನ್ನು ತಿಳಿದವರೇ ಮಾಡಬೇಕು, ಅದಕ್ಕಿನ್ನೂ ಎರಡು ವಾರ ಸಮಯ ಇದೆ ಅಂದರು. ಆಮೇಲೆ ಹುಡುಗನನ್ನು ಕೇಳಿದರು: "ಇದರ ಊರು ನೋಡಿದ್ದೀಯಾ?"

ಊರು ಇದ್ದದ್ದು ಕಾರಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿಯಲ್ಲಿ. ಆ ಶನಿವಾರವೇ ಹೊರಟೆವು.

ಸದರ್ನ್ ಪೈನ್ಸ್ ಎಂಬ ಪಟ್ಟಣದ ಅಂಚಿನಲ್ಲಿ ವೇಮತ್ ವುಡ್ಸ್ ಅಂತ ಸಂರಕ್ಷಿತ ಕಾಡಿದೆ. 1963ರಲ್ಲಿ ಕ್ಯಾಥರಿನ್ ಬಾಯ್ಡ್ ಎಂಬ ಮಹಿಳೆ ರಾಜ್ಯಕ್ಕೆ ದಾನ ಕೊಟ್ಟ ಜಾಗದಿಂದ ಶುರುವಾದದ್ದು. ಪ್ರವೇಶಕ್ಕೆ ದುಡ್ಡಿಲ್ಲ. ಆ ಸೀಮೆಗೆ ಸ್ಯಾಂಡ್‌ಹಿಲ್ಸ್, ಅಂದರೆ ಮರಳುಗುಡ್ಡ ಅಂತಲೇ ಹೆಸರು. ಕಾಲಡಿಯಲ್ಲಿ ನಿಜಕ್ಕೂ ಸಮುದ್ರತೀರದಂಥ ಬಿಳಿ ಮರಳು, ಅದರ ಮೇಲೆ ನೆಟ್ಟಗೆ ನಿಂತ ಉದ್ದೆಲೆ ಪೈನ್. ಸೂಜಿಯಂಥ ಎಲೆ ಒಂದಡಿಗಿಂತ ಉದ್ದ. ಗಾಳಿ ಬೀಸಿದರೆ ದೂರದಲ್ಲಿ ಮಳೆ ಬರುತ್ತಿದೆಯೇನೋ ಅನ್ನಿಸುವ ಸದ್ದು. ಒಂದು ಕಾಲಕ್ಕೆ ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆ ಇತ್ತಂತೆ ಈ ಕಾಡು. ಹಡಗಿಗೆ, ಡಾಂಬರಿಗೆ, ಮನೆಗೆ ಅಂತ ಕಡಿದು ಕಡಿದು ಈಗ ಉಳಿದಿರುವುದು ತುಣುಕುಗಳು. ಇಲ್ಲಿನ ಒಂದು ಮರ 1548ರಲ್ಲಿ ಮೊಳೆತದ್ದು ಅಂತ ಗುರುತಿಸಿದ್ದಾರೆ. ತಾಳಿಕೋಟೆ ಯುದ್ಧಕ್ಕೂ 17 ವರ್ಷ ಮೊದಲು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮರದ ಸಸಿ. ನೋಡಿದರೆ ಹುಲ್ಲಿನ ಕಂತೆ. ಹಾಗೇ ಹಲವು ವರ್ಷ ಇರುತ್ತದಂತೆ, ಒಂದಿಂಚೂ ಎತ್ತರವಾಗದೆ. ಆ ಕಾಲವೆಲ್ಲ ಅದು ಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಬೆಂಕಿ ಬಿದ್ದರೂ ನಡುವಿನ ಮೊಗ್ಗು ಸುಡುವುದಿಲ್ಲ. ಅದಕ್ಕೇ ಅರಣ್ಯದವರು ಬೇರೆ ಗಿಡ ಮುಚ್ಚಿಕೊಳ್ಳದಿರಲಿ ಅಂತ ಆಗಾಗ ತಾವೇ ಹದವಾಗಿ ಬೆಂಕಿ ಕೊಡುತ್ತಾರೆ.

ಅಲ್ಲಿನ ಕೆಲವು ದೊಡ್ಡ ಮರಗಳ ಕಾಂಡದ ಮೇಲೆ ಮೇಣದಬತ್ತಿ ಕರಗಿ ಇಳಿದ ಹಾಗೆ ಬಿಳಿ ಅಂಟು ಸುರಿದಿತ್ತು. ಮೇಲೆ ಒಂದು ಪುಟ್ಟ ಮರಕುಟಿಗದ ಗೂಡು. ಈ ಹಕ್ಕಿ ಜೀವಂತ ಪೈನ್ ಮರದಲ್ಲೇ ಗೂಡು ಕೊರೆಯುತ್ತದೆ. ಆಮೇಲೆ ಸುತ್ತ ಸಣ್ಣ ಸಣ್ಣ ತೂತು ಕುಟ್ಟಿ ಅಂಟು ಸುರಿಯುವ ಹಾಗೆ ಮಾಡುತ್ತದೆ. ಯಾಕೆ ಗೊತ್ತೇ? ಮರ ಹತ್ತಿ ಮರಿ ನುಂಗಲು ಬರುವ ಹಾವುಗಳನ್ನು ತಡೆಯಲು! ಆ ಹಾವುಗಳು ನಮ್ಮ ಜೋಳಪ್ಪನ ಬಳಗದವೇ. "ಇವನಿಗೆ ಹೆದರಿ ಹಕ್ಕಿ ಇಷ್ಟು ಮಾಡುತ್ತಾ?" ಅಂತ ಹುಡುಗ ಬಾಯಿಬಿಟ್ಟು ನೋಡಿದ. ಮನೆಯಲ್ಲಿ ಅವನು ನೋಡಿದ್ದು ಟಾರ್ಚಿನ ಬೆಳಕಿಗೆ ಮುದುಡುವ 5 ಗ್ರಾಂ ಜೀವ ಅಷ್ಟೇ.

ದಾರಿ ಬದಿಯ ಬಿದ್ದ ದಿಮ್ಮಿಯ ಮೇಲೆ ಹಸಿರು ಹಲ್ಲಿಯೊಂದು ಕತ್ತಿನ ಗುಲಾಬಿ ಚರ್ಮ ಉಬ್ಬಿಸಿ ಕೂತಿತ್ತು. ಅನೋಲ್ ಅಂತ ಹೆಸರು. ಕಾಡಿನಲ್ಲಿ ಕಾರ್ನ್ ಸ್ನೇಕ್ ಮರಿಗಳ ಮೊದಲ ಬೇಟೆ ಇಂಥ ಹಲ್ಲಿ ಮತ್ತು ಮರಗಪ್ಪೆ, ಇಲಿಯ ಸರದಿ ಆಮೇಲೆ. ಮರಿಗಳು ಸಡಿಲ ತೊಗಟೆಯ ಕೆಳಗೆ, ಎಲೆರಾಶಿಯೊಳಗೆ ಅಡಗಿರುತ್ತವೆ, ಹಗಲಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಅವುಗಳನ್ನು ಹುಡುಕಿ ತಿನ್ನುವವರೂ ಬಹಳ ಅಲ್ಲವೇ! ನಾವು ಮೂರು ಗಂಟೆ ಸುತ್ತಿದರೂ ಒಂದೇ ಒಂದು ಕಾಣಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜೀ, ನೋಡ್ತಾ ಇದ್ರೆ ಅದು ತಿನ್ನಲ್ಲ ಅಲ್ವಾ?" ಅಂದ. ನಮ್ಮ ಮಕ್ಕಳಿಗೆ ಚಂದಮಾಮನ್ನ ತೋರಿಸಿ, ಕಾಗೆ ಕರೆದು, ಹಿಂದೆ ಓಡಿ ಓಡಿ ತುತ್ತು ಕೊಟ್ಟವರು ನಾವು. ಪ್ರೀತಿ ಅಂದರೆ ಎದುರು ಕೂತು ತಿನ್ನಿಸೋದು. ಆದರೆ ಇಲ್ಲಿ ಎದುರು ಕೂತವರು ಹಾವಿನ ಕಣ್ಣಿಗೆ ಅದನ್ನೇ ತಿನ್ನಲು ಬಂದವರು.

ಅವತ್ತು ಸಂಜೆಯೇ ಅವನು ಗಾಜಿನ ಪೆಟ್ಟಿಗೆಯ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿದ. ಬೆಚ್ಚಗಿನ ಕಡೆ ಒಂದು, ತಂಪು ಕಡೆ ಒಂದು, ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಇಟ್ಟ. ಬೆಚ್ಚಗಿನ ಕಡೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದೆಯಾ ಅಂತ ನೋಡಿದ. ಐದು ದಿನ ಯಾರೂ ಮುಟ್ಟಕೂಡದು, ಟಾರ್ಚ್ ಇಲ್ಲ ಅಂತ ಚೀಟಿ ಬರೆದ. ನೀರಿನ ಬಟ್ಟಲು ಮಾತ್ರ ನಾನು ಬದಲಿಸುತ್ತಿದ್ದೆ.

ಡಾಕ್ಟರಮ್ಮ ಇನ್ನೊಂದು ಉಪಾಯ ಹೇಳಿದ್ದರು. ಸಾಕುಪ್ರಾಣಿ ಅಂಗಡಿಯಲ್ಲಿ ಅನೋಲ್ ಹಲ್ಲಿ ಕಳಚಿದ ಪೊರೆಯ ಚೂರು ಕೇಳಿದೆವು, ಹುಡುಗಿ ನಗುತ್ತಾ ಪೊಟ್ಟಣ ಕಟ್ಟಿಕೊಟ್ಟಳು. ಗುರುವಾರ ಸಂಜೆ ಗ್ಯಾರೇಜಿನಲ್ಲಿ ನಾನು ಗ್ಲೌಸ್ ಹಾಕಿಕೊಂಡು ಇಲಿಮರಿಯನ್ನು ತೊಳೆದು, ಬೆಚ್ಚಗೆ ಮಾಡಿ, ಆ ಪೊರೆಯನ್ನು ಒದ್ದೆ ಮಾಡಿ ಅದರ ಮೂತಿಗೆ ಸವರಿದೆ. ಗಾಳಿಗೆ ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಜೋಳಪ್ಪನನ್ನೂ ಅದನ್ನೂ ಬಿಟ್ಟು, ಮುಚ್ಚಳ ಭದ್ರ ಮಾಡಿ, ಪೆಟ್ಟಿಗೆಯ ಬೆಚ್ಚಗಿನ ಕಡೆ ಇಟ್ಟು, ಮೇಲೆ ಟವೆಲ್ ಮುಚ್ಚಿ ದೀಪ ಆರಿಸಿದೆವು.

ರಾತ್ರಿ ಹುಡುಗ ಒಂದು ಸಲ ಎದ್ದ. ಕೋಣೆಯ ಬಾಗಿಲವರೆಗೆ ಬಂದು ನಿಂತು, ವಾಪಸ್ ಹೋಗಿ ಮಲಗಿದ. ನಾನು ಹಾಲ್‌ನಲ್ಲಿ ಎಚ್ಚರವಾಗೇ ಇದ್ದೆ, ಮಾತಾಡಿಸಲಿಲ್ಲ.

ಬೆಳಗ್ಗೆ ಟವೆಲ್ ತೆಗೆದರೆ ಡಬ್ಬಿಯಲ್ಲಿ ಜೋಳಪ್ಪ ಒಬ್ಬನೇ. ನಡುಮೈಯಲ್ಲಿ ಹುಣಸೆಬೀಜ ನುಂಗಿದಂಥ ಗಂಟು. ಹುಡುಗ ಕೂಗಲಿಲ್ಲ, ನನ್ನ ಕೈ ಹಿಡಿದು ಜೋರಾಗಿ ಅದುಮಿದ. ತಿಂದ ಮೇಲೆ ಎರಡು ದಿನ ಮುಟ್ಟಿದರೆ ಕಕ್ಕಿಬಿಡುತ್ತದೆ, ಆದ್ದರಿಂದ ಡಬ್ಬಿಯನ್ನೇ ಮೆಲ್ಲಗೆ ಓರೆ ಮಾಡಿ ಅದು ತಾನಾಗಿ ಹರಿದುಹೋಗುವಂತೆ ಬಿಟ್ಟ. ಸೋಪು ಹಾಕಿ ಕೈ ತೊಳೆದು ಸ್ಕೂಲಿಗೆ ಹೋದ.

ಇದನ್ನು ಓದಿ ಯಾರ ಮನೆಯಲ್ಲಾದರೂ ಮಕ್ಕಳು ಹಾವು ಬೇಕು ಅಂದರೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡು, ತೋಟಗಳ ಹಾವುಗಳನ್ನು ಹಿಡಿದು ಸಾಕುವ ಹಾಗಿಲ್ಲ. ಅಂಗಳಕ್ಕೆ ಬಂದರೆ ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನ್ ಮಾಡಿ. ದೂರದಿಂದ ನೋಡಿ, ಅದರ ಪಾಡಿಗೆ ಬಿಡಿ.

ನಾನು ಹೊರಡುವ ಹೊತ್ತಿಗೆ ಜೋಳಪ್ಪ ಏಳು ಊಟ ಮುಗಿಸಿದ್ದ. ಮೊದಲ ಮೂರಕ್ಕೆ ಹಲ್ಲಿ ವಾಸನೆ ಬೇಕಾಯಿತು, ಆಮೇಲೆ ಬೇಡವಾಯಿತು. ತೂಕ 9 ಗ್ರಾಂ. ಮೊನ್ನೆ ವಿಡಿಯೋ ಕಾಲ್‌ನಲ್ಲಿ "ತೋರಿಸೋ" ಅಂದೆ. "ಈಗ ಬೇಡ ಅಜ್ಜೀ, ಊಟ ಮಾಡ್ತಿದಾನೆ" ಅಂದ.