ಫುಟ್‌ಪಾತ್ ಮೇಲೆ ನನ್ನ ಸ್ಕೂಟಿ

2024ರ ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ರಾಗಿಗುಡ್ಡದ ಆಂಜನೇಯನ ಗುಡಿಗೆ ಹೊರಟಿದ್ದರು. ಜಯನಗರ ಒಂಬತ್ತನೇ ಬ್ಲಾಕಿನ ನಮ್ಮ ಕ್ರಾಸಿನಿಂದ ಗುಡಿಗೆ ಹತ್ತು ನಿಮಿಷದ ದಾರಿ. ಅಜ್ಜಿಯ ನಡಿಗೆಗೆ ಇಪ್ಪತ್ತು ನಿಮಿಷ. ನಮ್ಮ ಗೇಟಿನ ಹತ್ತಿರ ಬಂದವರು ಫುಟ್‌ಪಾತ್‌ನಿಂದ ರಸ್ತೆಗೆ ಇಳಿದರು. ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಹಿಂದಿನಿಂದ ಬಂದ ಡೆಲಿವರಿ ಹುಡುಗನ ಬೈಕಿನ ಹ್ಯಾಂಡಲ್ ತಾಗಿತು. ಬಿದ್ದುಬಿಟ್ಟರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಅವರು ರಸ್ತೆಗೆ ಇಳಿದದ್ದು ಫುಟ್‌ಪಾತ್ ಮೇಲೆ ನನ್ನ ಸ್ಕೂಟಿ ನಿಂತಿತ್ತು ಅನ್ನುವ ಕಾರಣಕ್ಕೆ.

ಅವತ್ತು ಯಾರೂ ಈ ಮಾತು ಎತ್ತಲಿಲ್ಲ. ಸೇರಿದವರೆಲ್ಲ ಆ ಹುಡುಗನಿಗೆ ಬೈದರು. ನಾನೂ ಬೈದೆ. 'ಕಣ್ಣು ಕಾಣ್ಸಲ್ವೇನೋ' ಅಂತ ಕೂಗಿದ ದನಿ ನನ್ನದೇ. ಅವನು ನಡುಗುತ್ತಾ ಜೇಬಿನಲ್ಲಿದ್ದ ಐನೂರು ರೂಪಾಯಿ ಅಜ್ಜಿಯ ಮಗನ ಕೈಗೆ ಕೊಟ್ಟು, ಆರ್ಡರ್ ತಡವಾಯಿತು ಅಂತ ಹೊರಟುಹೋದ. ಅಜ್ಜಿಯನ್ನು ಆಟೋದಲ್ಲಿ ಕೂರಿಸಿ ವಾಪಸ್ ಬಂದಾಗ ಸ್ಕೂಟಿ ಅಲ್ಲೇ ಇತ್ತು, ಕಾಂಪೌಂಡಿಗೆ ಒರಗಿಸಿದ ಹಾಗೆ, ಪೂರ್ತಿ ಫುಟ್‌ಪಾತಿಗೆ ಅಡ್ಡಲಾಗಿ. ಅದನ್ನು ನೋಡಿದ ಮೇಲೆಯೇ ನನಗೆ ಹೊಳೆದದ್ದು.

ಇದನ್ನು ಇಲ್ಲಿ ಬರೆಯಲು ಒಂದು ವರ್ಷ ಬೇಕಾಯಿತು. ನಮ್ಮ ಬ್ಯಾಚಿನವರಿಗೆ ನಾನು 'ಸೈಕಲ್ ಹುಡುಗಿ' ಅಂತಲೇ ಪರಿಚಯ. ಮುಜುಗರ ಅದಕ್ಕೇ ಹೆಚ್ಚು.

ನನ್ನ ಸೈಕಲ್ ಸರ್ಕಾರ ಕೊಟ್ಟದ್ದು. ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತಲ್ಲ, ಅದರ ಮುಂದಿನ ವರ್ಷವೇ ನಾನು ಎಂಟನೇ ಕ್ಲಾಸು. ಸಿರಾ ತಾಲ್ಲೂಕಿನ ನಮ್ಮೂರಿಂದ ಹೈಸ್ಕೂಲಿಗೆ ಐದು ಕಿಲೋಮೀಟರ್. ಬಸ್ಸು ದಿನಕ್ಕೆ ಎರಡೇ. ಆ ಸೈಕಲ್ ಬರದಿದ್ದರೆ ನನ್ನ ಓದು ಏಳಕ್ಕೇ ನಿಲ್ಲುತ್ತಿತ್ತು. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನದು ಹಾಗೇ ನಿಂತಿತ್ತು. ಡಿಗ್ರಿ ಮುಗಿಸಿ 2015ರಲ್ಲಿ ಬೆಂಗಳೂರಿಗೆ ಬಂದಾಗ ಅದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದೆ. ಬಿಟಿಎಂ ಲೇಔಟಿನ ಪೀಜಿಯಲ್ಲಿ ಎಲ್ಲರೂ ನಕ್ಕರು. 

ಆಗ ಜಯನಗರದ ರಸ್ತೆಗಳಲ್ಲಿ ಸೈಕಲ್ ಚಿತ್ರದ ಗುರುತುಗಳು ಅಲ್ಲಲ್ಲಿ ಕಾಣುತ್ತಿದ್ದವು. ನನಗೋ ಪರಮಾಶ್ಚರ್ಯ. ವಿಚಾರಿಸಿದರೆ, 2012ರಲ್ಲಿ ಬಿಬಿಎಂಪಿ ಮತ್ತು ರೈಡ್ ಎ ಸೈಕಲ್ ಫೌಂಡೇಶನ್ ಅನ್ನುವ ಸಂಸ್ಥೆ ಸೇರಿ ಇಲ್ಲಿ ಸುಮಾರು 45 ಕಿ.ಮೀ. ಉದ್ದದ ಸೈಕಲ್ ಪಥ ಮಾಡಿದ್ದರಂತೆ. ಮುಖ್ಯ ರಸ್ತೆಗಳ ಅಂಚಿನಲ್ಲಿ, ಒಳಗಿನ ಕ್ರಾಸ್‌ಗಳಲ್ಲಿ ಗೆರೆ ಎಳೆದು, ಫಲಕ ನೆಟ್ಟು, ಶಾಲೆಗೆ, ಪಾರ್ಕಿಗೆ, ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಮಕ್ಕಳು ದೊಡ್ಡವರು ಸೈಕಲ್ಲಲ್ಲೇ ಹೋಗಿಬರಲಿ ಅಂತ. ನಾನು ಬರುವ ಹೊತ್ತಿಗೆ ಆ ಗೆರೆಗಳ ಮೇಲೆ ಸಾಲಾಗಿ ಕಾರುಗಳು ನಿಂತಿದ್ದವು. ಟ್ರೈನಿ ವರದಿಗಾರ್ತಿಯಾಗಿದ್ದ ನಾನು ಅದರ ಬಗ್ಗೆ ಒಂದು ಬಾಕ್ಸ್ ಐಟಂ ಬರೆದೆ. 'ಅಧಿಕಾರಿಗಳ ನಿರ್ಲಕ್ಷ್ಯ' ಅಂತ ಹೆಡಿಂಗ್ ಕೊಟ್ಟೆ. ನಮಗೆಲ್ಲ ಬೆರಳ ತುದಿಯಲ್ಲಿರುವ ಶಬ್ದ ಅದು, ಯಾವ ಸುದ್ದಿಗೆ ಬೇಕಾದರೂ ಒಪ್ಪುತ್ತದೆ. ಆ ಕಾರುಗಳು ಯಾರವು ಅಂತ ನಾನು ಒಂದು ಮನೆಯ ಬಾಗಿಲೂ ತಟ್ಟಿ ಕೇಳಲಿಲ್ಲ. ಸೈಕಲ್ ಪಥ ಬೇಕು ಅಂತ ಕೈ ಎತ್ತಿದ ಬಡಾವಣೆಯಲ್ಲೇ ಕಾರಿಟ್ಟುಕೊಂಡವರೂ ಇದ್ದರಲ್ಲ! ಅದು ಸುದ್ದಿಯಾಗಬಹುದು ಅಂತ ನನಗೆ ತೋಚಲೇ ಇಲ್ಲ.

ನನ್ನ ಸೈಕಲ್ ಎರಡು ವರ್ಷ ಬಾಳಿತು. ರಾತ್ರಿ ಪಾಳಿ ಮುಗಿಸಿ ಬರುವಾಗ ಬನ್ನೇರುಘಟ್ಟ ರಸ್ತೆಯಲ್ಲಿ ಲಾರಿಯವನೊಬ್ಬ ಉಜ್ಜಿಕೊಂಡು ಹೋದ. ನನಗೇನೂ ಆಗಲಿಲ್ಲ, ಧೈರ್ಯ ಹೋಯಿತು. ಸೆಕೆಂಡ್ ಹ್ಯಾಂಡ್ ಸ್ಕೂಟಿ ಕೊಂಡೆ. ಮನೆ ಒಂಬತ್ತನೇ ಬ್ಲಾಕಿಗೆ ಬದಲಾಯಿತು. ಓನರ್ ಅಂಕಲ್ ಕಾರು ಗೇಟಿನೊಳಗೆ, ಬಾಡಿಗೆಯವರ ಗಾಡಿ ಹೊರಗೆ. ಹೊರಗೆ ಅಂದರೆ ಎಲ್ಲಿ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿ ಸ್ವಲ್ಪ ನಮ್ಮೂರಿಗೆ ಹೋಗಿಬರಬೇಕು. ಅಜ್ಜಿ ಬಿದ್ದ ತಿಂಗಳೇ ಅಪ್ಪ ಫೋನ್ ಮಾಡಿ ಹೊಲದ ದಾರಿಯ ಜಗಳ ಹೇಳಿದ್ದರು. ಹಳ್ಳಿಯಿಂದ ಬಂದ ನಿಮಗೆಲ್ಲ ಗೊತ್ತಿರುವುದೇ. ಗ್ರಾಮ ನಕಾಶೆಯಲ್ಲಿ ಒಂದು ಸಾಲು ಚುಕ್ಕೆಯಿದ್ದರೆ ಕಾಲುದಾರಿ, ಎರಡು ಸಾಲಿದ್ದರೆ ಬಂಡಿದಾರಿ. ನಮ್ಮೂರ ಕೆರೆಗೆ ಹೋಗುವ ಬಂಡಿದಾರಿಯನ್ನು ಪಕ್ಕದ ಹೊಲದವರು ಒತ್ತುತ್ತಾ ಬಂದಿದ್ದರು. ಒಂದೇ ಸಲಕ್ಕೆ ಯಾರೂ ಒತ್ತುವುದಿಲ್ಲ. ಉಳುವಾಗ ವರ್ಷಕ್ಕೊಂದು ಸಾಲು ಮುಂದೆ ಹೋಗುತ್ತದೆ ಅಷ್ಟೆ. ಹತ್ತು ವರ್ಷಕ್ಕೆ ಎತ್ತಿನಗಾಡಿ ಹೋಗುತ್ತಿದ್ದಲ್ಲಿ ಮನುಷ್ಯ ಒಬ್ಬ ಸೊಂಟ ಓರೆ ಮಾಡಿ ಹೋಗಬೇಕು. ಅಪ್ಪ, ಇನ್ನೂ ನಾಲ್ಕು ಜನ ಸೇರಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟರು. 'ದಾರಿ ತಿಂದೋರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು ಕಣವ್ವ, ಮಖಕ್ಕೆ ಮಖ ಕೊಟ್ಟು ಕೇಳೋರು ಇರಲಿಲ್ಲ ಅಷ್ಟೇಯ' ಅಂದರು ಅಪ್ಪ.

ಫೋನ್ ಇಟ್ಟ ಮೇಲೆ ಬಾಲ್ಕನಿಯಿಂದ ಕೆಳಗೆ ನೋಡಿದೆ. ನಮ್ಮ ಸಾಲಿನಲ್ಲಿ ಹತ್ತೊಂಬತ್ತು ಗೇಟು. ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಫುಟ್‌ಪಾತ್ ಕಡಿದು ಹಾಕಿದ ಇಳಿಜಾರು. ಒಬ್ಬರದು ಗ್ರಾನೈಟ್, ಒಬ್ಬರದು ಸಿಮೆಂಟು. ನಡುವೆ ಕುಂಡಗಳು, ಜನರೇಟರ್, ಗಿಡಕ್ಕೆ ಬೇಲಿ, ನನ್ನ ಸ್ಕೂಟಿ. ಇಲ್ಲೂ ಯಾರೂ ಒಂದೇ ಸಲಕ್ಕೆ ದಾರಿ ತಿಂದಿರಲಿಲ್ಲ.

ಮಾರನೇ ದಿನ ಅಜ್ಜಿಯ ಮನೆಗೆ ಹೋಗಿ ಹೇಳಿದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. 'ಗೊತ್ತು ಕಣಮ್ಮ' ಅಂದರು. 'ನಿನ್ನ ಗಾಡಿಗೆ ಮುಂಚೆ ಬೇರೆಯವರ ಗಾಡಿ ಇರ್ತಿತ್ತು. ನಾನು ಈ ರೋಡಲ್ಲಿ ಇಳಿದು ಹತ್ತಿ, ಇಳಿದು ಹತ್ತಿ ಸಾಕಾಗಿ, ಆಮೇಲೆ ಇಳಿದೇ ನಡೀತಿದ್ದೆ. ಆ ಹುಡುಗ ಪಾಪ.' ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ವಾರವೇ ಸ್ಕೂಟಿಯನ್ನು ಎರಡು ರಸ್ತೆ ಆಚೆ, ತಿಂಗಳಿಗೆ ಇಷ್ಟು ಅಂತ ಕೊಟ್ಟು ಸ್ನೇಹಿತೆಯೊಬ್ಬಳ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ನಿಲ್ಲಿಸತೊಡಗಿದೆ. ಬಹಳ ದೊಡ್ಡ ತ್ಯಾಗ ಮಾಡಿದ ಹಾಗೆ ಅನ್ನಿಸಿತ್ತು. ಮೂರನೇ ದಿನಕ್ಕೆ ಆ ಖಾಲಿ ಜಾಗದಲ್ಲಿ ಯಾರದೋ ಬುಲೆಟ್ ನಿಂತಿತ್ತು. ಒಬ್ಬಳೇ ಮಾಡುವ ಕೆಲಸ ಇದಲ್ಲ ಅಂತ ಆಗ ಗೊತ್ತಾಯಿತು.

ನಮ್ಮ ಕ್ರಾಸಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಅಂಕಲ್ ಒಬ್ಬರಿದ್ದಾರೆ. ಅವರ ಹತ್ತಿರ ಸ್ಟೀಲ್ ಟೇಪು, ರೂಲ್ ಹಾಕಿದ ಪುಸ್ತಕ, ಬೇಕಾದಷ್ಟು ಸಮಯ ಮೂರೂ ಇವೆ. ಅವರೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ ಹುಡುಕಿ ತಂದರು. 2012ರದು. ವಸತಿ ಪ್ರದೇಶದಲ್ಲೂ ಫುಟ್‌ಪಾತಿನ ಮೇಲೆ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂದರೆ ಸುಮಾರು ಆರು ಅಡಿ. ರಸ್ತೆಯಿಂದ ಫುಟ್‌ಪಾತಿನ ಎತ್ತರ 150 ಮಿ.ಮೀ. ದಾಟಬಾರದು, ಒಂದು ಗೇಣಿಗೂ ಕಡಿಮೆ. ಭಾನುವಾರ ಬೆಳಿಗ್ಗೆ ಅಳೆಯಲು ಶುರು ಮಾಡಿದೆವು. ಟೇಪಿನ ಒಂದು ತುದಿ ಅಂಕಲ್ ಕೈಲಿ, ಇನ್ನೊಂದು ನನ್ನ ಕೈಲಿ, ಸರ್ವೆಯವರ ಸರಪಳಿ ಹಿಡಿದ ಹಾಗೆ. ಎರಡು ಕಡೆ ಎತ್ತರ ಒಂದೂವರೆ ಗೇಣಿತ್ತು. ಮಂಡಿನೋವಿನವರು ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಆರು ಅಡಿ ಖಾಲಿ ಜಾಗ ಇಡೀ ಸಾಲಿನಲ್ಲಿ ನಾಲ್ಕೇ ಕಡೆ ಸಿಕ್ಕಿತು.

ಅಳೆಯುವಾಗ ಮೂಲೆಯ ಹೂವಿನ ಅಕ್ಕ ಗಾಬರಿಯಾದರು. 'ನನ್ನೇನಾದ್ರೂ ಎಬ್ಬಿಸ್ತೀರೇನಮ್ಮ?' ಸುತ್ತ ಸೇರಿದವರಲ್ಲೂ ಒಂದಿಬ್ಬರು 'ಮೊದಲು ಇವರನ್ನ ತೆಗೆಸಿ' ಅಂದರು. ಅಂಕಲ್ ಟೇಪು ಹಿಡಿದರು. ಅಕ್ಕನ ಸ್ಟೂಲು, ಬುಟ್ಟಿ ಸೇರಿ ಎರಡೂವರೆ ಅಡಿ, ಪಕ್ಕದಲ್ಲಿ ನಡೆಯಲು ಬೇಕಾದಷ್ಟು ಜಾಗ. ಎದುರಿಗಿದ್ದ ಕಾರು ಹದಿಮೂರು ಅಡಿ, ಅರ್ಧ ಫುಟ್‌ಪಾತಿನ ಮೇಲೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ, ಸಮೀಕ್ಷೆ ಮಾಡದೆ ಎಬ್ಬಿಸುವ ಹಾಗಿಲ್ಲ. ಫುಟ್‌ಪಾತಿನ ಮೇಲಿನ ಕಾರಿಗೆ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ. ಆದರೂ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಬುಟ್ಟಿಯೇ. ಇಂಥ ಗುಂಪುಗಳ ಬಗ್ಗೆ ನನಗಿರುವ ತಕರಾರು ಇದೊಂದೇ, ಅದನ್ನು ಅಲ್ಲೇ ಜೋರಾಗಿ ಹೇಳಿದೆ. ಇಬ್ಬರು ಎದ್ದು ಹೋದರು.

ಇನ್ನೊಬ್ಬರನ್ನು ಹೇಳಲೇಬೇಕು. ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವರು, ಅರಕೆರೆಯಿಂದ ದಿನಾ ಸೈಕಲ್ ಮೇಲೆ ಬರುತ್ತಾರೆ. ಜಯದೇವ ಆಸ್ಪತ್ರೆಯ ಜಂಕ್ಷನ್ ದಾಟಿಕೊಂಡೇ ಬರಬೇಕು. ಹಳೇ ಮೇಲ್ಸೇತುವೆ ಒಡೆದರು, 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಡಬಲ್ ಡೆಕ್ಕರ್ ಮೇಲ್ಸೇತುವೆ ಬಂತು, ಅದರ ಮೇಲೆ 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ. ಕಾರಿಗೊಂದು ಅಂತಸ್ತು, ರೈಲಿಗೊಂದು ಅಂತಸ್ತು. ಇವರು ಕೆಳಗೆ ಕಂಬಗಳ ನಡುವೆ ಸೈಕಲ್ ತಳ್ಳಿಕೊಂಡು ದಾಟುತ್ತಾರೆ. ಯಾಕೆ ಸೈಕಲ್ ಅಂದೆ. 'ಏನ್ ಮಾಡೂದ್ರಿ ಅಕ್ಕಾರ, ನಮ್ಮ ಮನಿಯಾಕಿಗೆ ಬಸ್ ಫ್ರೀ ಐತಿ, ನನಗ ಸೈಕಲ್ಲೇ ಫ್ರೀ' ಅಂತ ನಕ್ಕರು. 2013ರಿಂದ ಈ ಊರಲ್ಲಿ ಸೈಕಲ್ ದಿನಗಳು ನಡೆದಿವೆ, ಹೆಲ್ಮೆಟ್ ಹಾಕಿದ ಸವಾರರ ಮೆರವಣಿಗೆಗಳನ್ನು ನಾನೂ ಕವರ್ ಮಾಡಿದ್ದೇನೆ. 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಯುದ್ದಕ್ಕೂ ಕಂಬ ನೆಟ್ಟು ಸೈಕಲ್ ಪಥ ಮಾಡಿದರು, ಬೈಕುಗಳು ಅದರೊಳಗೂ ನುಗ್ಗಿದವು. ಇಷ್ಟೆಲ್ಲ ವರದಿಗಳಲ್ಲಿ ಒಬ್ಬ ವಾಚ್‌ಮನ್ನಿನ ಮಾತನ್ನು ನಾನು ಬರೆದಿರಲಿಲ್ಲ. ಭಾನುವಾರದ ಸಭೆಗೆ ಬನ್ನಿ ಅಂದರೆ, 'ಐತವಾರನೂ ಡ್ಯೂಟಿ ಐತ್ರಿ' ಅಂದರು. ಹಾಗಾಗಿ ಅವರ ಡ್ಯೂಟಿ ಬದಲಾಗುವ ಸಂಜೆ ಏಳಕ್ಕೆ, ಅವರ ಗೇಟಿನ ಮುಂದೆಯೇ ಎರಡು ಸಲ ಸೇರಿದೆವು. ಜಂಕ್ಷನ್ನಿನಲ್ಲಿ ಎಲ್ಲಿ ದಾಟಲು ಜಾಗ ಬೇಕು ಅಂತ ಅವರು ಮಣ್ಣಲ್ಲಿ ಕಡ್ಡಿಯಿಂದ ಬರೆದು ತೋರಿಸಿದ್ದನ್ನು ಅಂಕಲ್ ಪುಸ್ತಕಕ್ಕೆ ಇಳಿಸಿಕೊಂಡಿದ್ದಾರೆ.

2025ರ ಮೇ 14ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅಡ್ಡಿಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ. ಅಂಕಲ್ ಅದರ ಪ್ರಿಂಟ್ ತೆಗೆಸಿ ನಮ್ಮ ಅರ್ಜಿಗೆ ಪಿನ್ ಮಾಡಿದರು. ಅರ್ಜಿ ಕೊಟ್ಟ ಮೇಲೆ ಬಿಬಿಎಂಪಿಯೇ ಹೋಗಿ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ಮೇಲಿನ ವಿಳಾಸ ತಿದ್ದಿ ಮತ್ತೊಮ್ಮೆ ಕೊಟ್ಟು ಬಂದೆವು. ಎತ್ತರ ತಗ್ಗಿಸುವುದು, ಒಡೆದ ಚಪ್ಪಡಿ ಹಾಕುವುದು, ಜಂಕ್ಷನ್ನಿನ ದಾಟುದಾರಿ ಎಲ್ಲ ಅವರ ಕೆಲಸ. ಗಾಡಿ, ಕುಂಡ, ಬೇಲಿ ನಮ್ಮದು. ಅದಕ್ಕೆ ಅರ್ಜಿ ಬರೆಯುವುದು ಯಾರಿಗೆ?

ಅದಕ್ಕೇ ಮನೆಮನೆಗೆ ಹೋದೆವು. ನಾನು ಪ್ರತಿ ಮನೆಯಲ್ಲೂ ಮೊದಲು ಹೇಳುವುದು ನನ್ನ ಸ್ಕೂಟಿಯ ಕಥೆ. ಅದನ್ನು ಹೇಳಿದ ಮೇಲೆ ಎದುರಿನವರಿಗೆ ಬಾಗಿಲು ಹಾಕುವುದು ಸ್ವಲ್ಪ ಕಷ್ಟವಾಗುತ್ತದೆ. ಬುಲೆಟ್ ಹುಡುಗ ಎರಡನೇ ಮಾತಿಗೆ ಒಪ್ಪಿದ. ನಮ್ಮ ಓನರ್ ಅಂಕಲ್ ಗೊಣಗುತ್ತಲೇ ಕಾರನ್ನು ಒಂದಷ್ಟು ಒಳಗೆ ಸರಿಸಿ, ಬಾಡಿಗೆಯವರ ಎರಡು ಗಾಡಿಗೆ ಜಾಗ ಮಾಡಿದರು. ಕುಂಡಗಳು ಒಳಗೆ ಹೋದವು. ಹತ್ತೊಂಬತ್ತರಲ್ಲಿ ಹನ್ನೊಂದು ಮನೆ ಈಗ ಖಾಲಿ ಬಿಟ್ಟಿದೆ. ಇಬ್ಬರು ಒಪ್ಪಿ ಮತ್ತೆ ಮೊದಲಿನಂತೆಯೇ ಇಟ್ಟಿದ್ದಾರೆ.

ಅಜ್ಜಿಯ ಕೈ ಕೂಡಿಕೊಂಡಿದೆ, ಮುಷ್ಟಿ ಮಾತ್ರ ಪೂರ್ತಿ ಬಿಗಿಯಾಗುವುದಿಲ್ಲ. ಗುಡಿಗೆ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ. ಶನಿವಾರ ರಜೆಯಿದ್ದರೆ ನಾನು ಜೊತೆಗೆ ಹೋಗುತ್ತೇನೆ. ಖಾಲಿಯಾದ ಹನ್ನೊಂದು ಗೇಟಿನಷ್ಟು ದೂರ ಮೇಲೆ ನಡೆಯುತ್ತಾರೆ, ಉಳಿದ ಕಡೆ ನನ್ನ ತೋಳು ಹಿಡಿದು ರಸ್ತೆಗೆ ಇಳಿಯುತ್ತಾರೆ. ಆ ಡೆಲಿವರಿ ಹುಡುಗನ ಐನೂರು ರೂಪಾಯಿ ಅವರ ಮಗನ ಹತ್ತಿರ ಹಾಗೇ ಇದೆ. ನಂಬರ್ ತೆಗೆದುಕೊಳ್ಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಮೂಲೆಮನೆಯ ಯಜಮಾನರು ಮಾತ್ರ ಜಗ್ಗಿಲ್ಲ. ಅವರ ಗ್ರಾನೈಟ್ ಇಳಿಜಾರು ಫುಟ್‌ಪಾತ್ ದಾಟಿ ರಸ್ತೆಗೂ ಒಂದಡಿ ಬಂದಿದೆ. ಮೂರು ಸಲ ಹೋಗಿದ್ದೇವೆ, ಮೂರು ಸಲವೂ ಒಳ್ಳೆಯ ಕಾಫಿ ಕೊಟ್ಟು ಕಳಿಸಿದ್ದಾರೆ. ಈ ಭಾನುವಾರ ತಾವೂ ಬರುತ್ತೇನೆ ಅಂದಿದ್ದಾರೆ ಅಜ್ಜಿ.