ಕೆಂಪು ಪೆನ್ನಿನ ತಪ್ಪು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಲು ತೊಡಗಿ ಇಪ್ಪತ್ತೆರಡು ವರ್ಷಗಳಾದವು. ಮಕ್ಕಳ ಪುಸ್ತಕಗಳಲ್ಲಿ ನನ್ನ ಕೆಂಪು ಪೆನ್ನು ಹೆಚ್ಚು ಓಡುವುದು 'ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ' ಎಂಬಂತಹ ವಾಕ್ಯಗಳ ಮೇಲೆ.

ಇದರಲ್ಲಿ ಮಕ್ಕಳನ್ನು ದೂರಿ ಫಲವಿಲ್ಲ. 'ನಿನ್ನೆ ಅವನನ್ನು ನೋಡಿದೆ' ಎಂದರೂ ಸರಿ, 'ನಿನ್ನೆ ಅವನನ್ನು ನೋಡಿದ್ದೇನೆ' ಎಂದರೂ ಸರಿ, ಕನ್ನಡಕ್ಕೆ ತಕರಾರಿಲ್ಲ. ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಕಳೆದ ವರ್ಷ, 2019ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೇಳಿದ ಮೇಲೆ ಅಲ್ಲಿ 'ಐ ಸಾ ಹಿಮ್' ಎಂದೇ ಆಗಬೇಕು. 'ಹ್ಯಾವ್ ಸೀನ್' ಬರುವುದು ಆ ಕಾಲ ಈ ಹೊತ್ತಿನವರೆಗೂ ಚಾಚಿಕೊಂಡಿರುವಾಗ, ಇಲ್ಲವೇ ಆದ ಕೆಲಸದ ಫಲ ಈಗಲೂ ಉಳಿದಿರುವಾಗ. ಶಿವರಾಮ ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು 'ಬರೆದಿದ್ದಾರೆ' ಎಂದು ನಾವು ಈಗಲೂ ಹೇಳುತ್ತೇವೆ. ಅವರು 1997ರಲ್ಲಿ ತೀರಿಕೊಂಡವರು. ಹಾಗಾಗಿ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ರೋಟ್' ಎನ್ನಬೇಕು. ಬಾಗಿಲು ಮುಚ್ಚಿದ್ದರೆ ಸಿಂಪಲ್ ಪಾಸ್ಟ್, ತೆರೆದಿದ್ದರೆ ಪ್ರೆಸೆಂಟ್ ಪರ್ಫೆಕ್ಟ್ ಎಂದು ನಾನು ಮಕ್ಕಳಿಗೆ ಸುಲಭ ಮಾಡಿ ಹೇಳುವುದುಂಟು.

ಒಮ್ಮೆ ಹತ್ತನೆಯ ತರಗತಿಗೆ ತಂದೆಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಆ ವರ್ಷವಷ್ಟೇ ಬೇರೆ ಊರಿನಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು 'ಮೈ ಫಾದರ್ ವರ್ಕ್ಡ್ ಇನ್ ದುಬೈ ಫಾರ್ ಫಿಫ್ಟೀನ್ ಇಯರ್ಸ್' ಎಂದು ಬರೆದಿದ್ದಳು. ನಮ್ಮ ಕರಾವಳಿಯಲ್ಲಿ ಗಲ್ಫಿನಲ್ಲಿ ದುಡಿಯುವ ತಂದೆಯರೇನು ಒಬ್ಬಿಬ್ಬರೇ? ಇವಳ ತಂದೆಯೂ ಅಲ್ಲೇ ಇದ್ದಾರೆಂದುಕೊಂಡು 'ವರ್ಕ್ಡ್' ಎಂಬುದನ್ನು ಹೊಡೆದು 'ಹ್ಯಾಸ್ ವರ್ಕ್ಡ್' ಎಂದು ತಿದ್ದಿದೆ.

ಬಿಡುವಿನ ಹೊತ್ತಿನಲ್ಲಿ ಅವಳು ಪುಸ್ತಕ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಸರ್, ಇದು ಹೇಗೆ ತಪ್ಪಾಯಿತು?"

"ಅವರು ಈಗಲೂ ಅಲ್ಲಿದ್ದಾರಲ್ಲ, ಅದಕ್ಕೇ."

"ಇಲ್ಲ ಸರ್. ಉಪ್ಪ ಕಳೆದ ವರ್ಷ ತೀರಿಹೋದರು. ಬಾಗಿಲು ಮುಚ್ಚಿದರೆ ಸಿಂಪಲ್ ಪಾಸ್ಟ್ ಎಂದು ನೀವೇ ಹೇಳಿದ್ದೀರಿ."

ನನಗೆ ಮಾತು ಹೊರಡಲಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಎರಡು ವಾಕ್ಯಗಳೂ ಸರಿಯೇ. ಯಾವುದು ಸರಿ ಎಂದು ತೀರ್ಮಾನಿಸುವುದು ಅವಳ ಮನೆಯಲ್ಲಿ ನಡೆದ ಸಂಗತಿ. ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೇಳದೆ ತಿದ್ದಿದವನು ನಾನು.

"ತಪ್ಪು ನನ್ನದಮ್ಮಾ" ಎಂದು ನನ್ನ ತಿದ್ದುಪಡಿಯನ್ನು ಹೊಡೆದುಹಾಕಿ ಅವಳ ವಾಕ್ಯಕ್ಕೆ ಸರಿ ಗುರುತು ಹಾಕಿದೆ. ಕೆಳಗೆ ಇನ್ನೊಂದು ಸಾಲಿತ್ತು: 'ಹಿ ಹ್ಯಾಸ್ ಬಿಲ್ಟ್ ದಿಸ್ ಹೌಸ್ ಫಾರ್ ಅಸ್.' ತೀರಿಹೋದವರ ಕೆಲಸಕ್ಕೆ 'ಬಿಲ್ಟ್' ಎನ್ನುವುದೇ ರೂಢಿ. ಅವಳಿಗೂ ಅದು ತಿಳಿಯದ್ದೇನಲ್ಲ. ಆದರೆ ಆ ಮನೆ ಇದೆ, ತಾಯಿ ಮಕ್ಕಳು ಅದರ ನೆರಳಿನಲ್ಲೇ ಇದ್ದಾರೆ.

ಆ ಸಾಲನ್ನು ನಾನು ಮುಟ್ಟಲಿಲ್ಲ.